ಬೀರುವಿನೊಳಗಿನ ಜೀವಗೋಳ

“ಲೇಯರ್ ಎಲ್ಲಮ್ಮ? ಎಲ್ಲಾ ಕಲಸಿಹೋಗಿದೆಯಲ್ಲ!” ವಿಜ್ಞಾನದ ಮಿಸ್ ಗಾಜಿನ ಜಾರನ್ನು ಎತ್ತಿ ಹಿಡಿದು ಮೂಗು ಮುರಿದರು.

ಪಿಟಿಪಿಟಿ ಜಾರಿನತ್ತ ನೋಡಿದಳು. ಸದಾ ತನ್ನಷ್ಟಕ್ಕೇ ಏನೋ ಗೊಣಗುತ್ತಿದ್ದ ಈ ಐದನೇ ಕ್ಲಾಸಿನ ಹುಡುಗಿಗೆ ಗೆಳತಿಯರು ಇಟ್ಟ ಹೆಸರು ಅದು.

ಶಾಲೆಯ ವಿಜ್ಞಾನ ಪ್ರದರ್ಶನಕ್ಕೆ ಒಂದೇ ದಿನ ಉಳಿದಿತ್ತು. ಜಾರಿನ ತಳದಲ್ಲಿ ಕೆರೆಯ ಮಣ್ಣು. ಅದರ ಮೇಲೆ ನೀರು, ನೀರಿನಲ್ಲೊಂದು ಹಸಿರು ಗಿಡ. ಮುಚ್ಚಳದ ಕೆಳಗೆ ನಾಲ್ಕು ಬೆರಳಷ್ಟು ಗಾಳಿ. ಎಲೆಯ ಮೇಲೆ ಕಡಲೆಕಾಳಿನಷ್ಟು ದೊಡ್ಡ ಬಸವನಹುಳು. ಮುಚ್ಚಳ ಹಾಕಿ ತಿಂಗಳಾಗಿತ್ತು. ಒಳಗಿನವರು ಆರಾಮಾಗಿದ್ದರು.

“ಮಿಸ್, ನೀರು ಆವಿಯಾಗಿ ಮೇಲೆ ಹೋಗುತ್ತೆ, ಮತ್ತೆ ಕೆಳಗೆ ತೊಟ್ಟಿಕ್ಕುತ್ತೆ. ಮಣ್ಣಿನಿಂದಲೂ ಗುಳ್ಳೆ ಬರುತ್ತೆ. ಗೆರೆ ಎಲ್ಲಿ ಎಳೀಲಿ?”

“ಪುಸ್ತಕದಲ್ಲಿ ಎಳೆದಿದ್ದಾರಲ್ಲ, ಅಲ್ಲೇ ಎಳಿ!”

ಕೊನೆಗೆ ಮಿಸ್ಸೇ ಜಾರಿನ ಸುತ್ತ ಬೆಳ್ಳಿಯ ಹಾಗೆ ಹೊಳೆಯುವ ಕಾಗದ ಸುತ್ತಿದರು. ಅದರ ಮೇಲೆ ಮೂರು ಬಣ್ಣದ ಪಟ್ಟಿ ಅಂಟಿಸಿ ವಾಯುಗೋಳ, ಜಲಗೋಳ, ಶಿಲಾಗೋಳ ಎಂದು ದಪ್ಪಕ್ಷರದಲ್ಲಿ ಬರೆದರು. ಮುಂದೆ ಅಂಚೆಚೀಟಿಯಷ್ಟು ಅಗಲದ ಕಿಟಕಿ ಬಿಟ್ಟರು.

“ಈಗ ನೋಡು, ಜೀವಗೋಳ ಅಂದ್ರೆ ಹೀಗಿರಬೇಕು!”

ಮರುದಿನ ಮುಖ್ಯ ಅತಿಥಿ ಬಂದರು. ಕಿಟಕಿಯೊಳಗೆ ಇಣುಕಲಿಲ್ಲ. ಹೊಳೆಯುವ ಕಾಗದದಲ್ಲಿ ಮುಖ ಕಂಡಿತು. ಕೂದಲು ಸರಿಮಾಡಿಕೊಂಡು, “ಅದ್ಭುತ!” ಎಂದರು. ಮೊದಲ ಬಹುಮಾನ ಪಿಟಿಪಿಟಿಗೇ ಬಂತು.

ಶಾಲೆಯ ದೊಡ್ಡ ಮೇಡಂ ಜಾರನ್ನು ಆಫೀಸಿಗೆ ತರಿಸಿ, ಬಹುಮಾನದ ಕಪ್ಪುಗಳ ಜೊತೆ ಮರದ ಬೀರುವಿನಲ್ಲಿಟ್ಟು ಬೀಗ ಹಾಕಿಸಿದರು.

“ಮೇಡಂ, ಅದಕ್ಕೆ ಬೆಳಕು ಬೇಕು...”

“ಫಸ್ಟ್ ಪ್ರೈಜ್ ಬಂದಿದೆ. ಇನ್ನೇನು ಬೇಕಂತೆ ಅದಕ್ಕೆ? ಹೊರಗಿಟ್ಟರೆ ಧೂಳು ಕೂರುತ್ತೆ. ಕ್ಲಾಸಿಗೆ ಹೋಗು.”

ಹತ್ತು ದಿನ ಕಳೆಯಿತು. ಹಾಜರಿ ಪುಸ್ತಕ ಕೊಡಲು ಆಫೀಸಿಗೆ ಹೋದ ಪಿಟಿಪಿಟಿಗೆ ಬೀರುವಿನ ಬಾಗಿಲು ತೆರೆದದ್ದು ಕಂಡಿತು. ಆಫೀಸಿನ ಆಯಾ ಕಪ್ಪುಗಳನ್ನು ಒರೆಸುತ್ತಿದ್ದರು. ಹುಡುಗಿ ಪುಟ್ಟ ಕಿಟಕಿಗೆ ಕಣ್ಣಿಟ್ಟಳು. ಎಲೆಗಳು ಬಿಳಚಿಕೊಂಡು ಕೊಳೆಯುತ್ತಿದ್ದವು. ಬಸವನಹುಳು ನೀರು ಬಿಟ್ಟು ಹತ್ತಿ, ಮುಚ್ಚಳಕ್ಕೆ ಅಂಟಿಕೊಂಡಿತ್ತು.

“ಆಯಮ್ಮಾ, ಇದು ಸಾಯ್ತಾ ಇದೆ!”

ಆಯಾ ಬಗ್ಗಿ ನೋಡಿದರು. “ಪಾಪದ್ದು. ಈ ಶಾಲೆಯಲ್ಲಿ ಪ್ರೈಜ್ ಬಂದವರನ್ನೆಲ್ಲ ಬೀರುವಿನಲ್ಲಿಡ್ತಾರೆ. ನಿನ್ನನ್ನ ಇಡಲಿಲ್ಲವಲ್ಲ, ಅದೇ ಪುಣ್ಯ!”

“ನಾನು ಕೆರೆಗೆ ಬಿಟ್ಟು ಬರ್ಲಾ?”

“ಖಾಲಿ ಜಾರ್ ಕಂಡರೆ ಮೇಡಂ ನನ್ನನ್ನೇ ಕೆರೆಗೆ ಬಿಡ್ತಾರೆ ಕಣೇ.” ಆಯಾ ಬಾಗಿಲ ಕಡೆ ನೋಡಿ ದನಿ ತಗ್ಗಿಸಿದರು. “ನಾಳೆ ಬೆಲ್ ಹೊಡೆಯೋ ಮುಂಚೆ ಬಾ. ಬದಲಿಗೆ ಇಡೋಕೆ ಏನಾದರೂ ತಾ.”

ಮರುದಿನ ಅವಳು ತಮ್ಮನ ಆಟದ ಡಬ್ಬಿಯಿಂದ ಪ್ಲಾಸ್ಟಿಕ್ ಬಸವನಹುಳುವನ್ನು ತಂದಳು. ಆಯಾ ದೊಡ್ಡ ಮೇಡಂ ಮೇಜಿನ ಮೇಲಿದ್ದ ಪ್ಲಾಸ್ಟಿಕ್ ಹೂದಾನಿಯಿಂದ ಒಂದು ಕಡ್ಡಿ ಮುರಿದು ಕೊಟ್ಟರು. “ಆಫೀಸಿನಲ್ಲಿ ಹಸಿರಿಗೇನು ಬರ!” ಕೊಳೆತ ಗಿಡವನ್ನೂ ಹುಳುವನ್ನೂ ತೆಗೆದು, ಆ ಎರಡನ್ನೂ ಜಾರಿನೊಳಗಿಟ್ಟರು.

ಶಾಲೆಯ ಹಿಂದಿನ ಕೆರೆಯ ಅಂಚಿನಲ್ಲಿ ಪಿಟಿಪಿಟಿ ಹುಳುವನ್ನು ಮೆಲ್ಲಗೆ ಇಳಿಸಿದಳು. ಅದು ಚಿಪ್ಪಿನೊಳಗೇ ಮುದುಡಿ ಕುಳಿತಿತು. ಅವಳೂ ಮೊಣಕಾಲು ಮಡಚಿ ಕುಳಿತಳು. ಬೆಲ್ ಹೊಡೆಯಿತು. ಅವಳು ಏಳಲಿಲ್ಲ. ಕೊನೆಗೂ ಒಂದು ಮೀಸೆ ಹೊರಬಂತು, ಆಮೇಲೆ ಇನ್ನೊಂದು. ಹುಳು ಒಂದು ಥ್ಯಾಂಕ್ಸ್ ಕೂಡ ಹೇಳದೆ, ತನ್ನ ಪಾಡಿಗೆ ತಾನು ಎಲೆಯ ಕೆಳಗೆ ನುಸುಳಿತು. ತಡವಾಗಿ ಬಂದದ್ದಕ್ಕೆ ಕ್ಲಾಸಿನ ಬಾಗಿಲಲ್ಲಿ ಅರ್ಧ ಗಂಟೆ ನಿಲ್ಲಬೇಕಾಯಿತು. ಕಾಲು ನೋಯಲೇ ಇಲ್ಲ.

ಮುಂದಿನ ವಾರ ಬೇರೊಂದು ಶಾಲೆಯ ಹೆಡ್ ಮಾಸ್ಟರ್ ಬಂದರು. ದೊಡ್ಡ ಮೇಡಂ ಪಿಟಿಪಿಟಿಯನ್ನು ಕರೆಸಿ, ಬೀರು ತೆಗೆದು ಜಾರನ್ನು ಕೈಗೆತ್ತಿಕೊಂಡರು. ನೀರು ತುಳುಕಿ ಒಳಗಿನದೆಲ್ಲ ಅಲುಗಿತು.

“ಎಷ್ಟು ಲವಲವಿಕೆಯಿಂದ ಇದೆ ನೋಡಿ ಸರ್!”

“ಓಡಾಡ್ತಿದೆಯಲ್ಲ!” ಹೆಡ್ ಮಾಸ್ಟರ್ ಕಿಟಕಿಗೆ ಕಣ್ಣಿಟ್ಟು ಬೆರಗಾದರು. “ಹೇಗೆ ಸಾಕ್ತೀಯಾ ಮರಿ? ಆಗಾಗ ಬಿಸಿಲಿಗಿಡ್ತೀಯಾ?”

ಬಾಗಿಲ ಬಳಿ ಆಯಾ ಕೆಮ್ಮಿದರು. ಪಿಟಿಪಿಟಿ ಜಾರನ್ನೂ ಮೇಡಂ ಮುಖವನ್ನೂ ನೋಡಿದಳು.

“ಇದಕ್ಕೆ ಏನೂ ಬೇಡ ಸರ್,” ಎಂದಳು.

“ಕೇಳಿದಿರಾ? ಏನೂ ಬೇಡವಂತೆ!” ಮೇಡಂ ಹಿಗ್ಗಿ ಹೀರೆಕಾಯಾದರು. ಜಾರನ್ನು ಒಳಗಿಟ್ಟು ತಾವೇ ಬೀಗ ತಿರುಗಿಸಿದರು.

ಬೀಗದ ಸದ್ದು ಕೇಳಿ ಪಿಟಿಪಿಟಿ ಹಗುರವಾಗಿ ಕ್ಲಾಸಿನತ್ತ ಹೊರಟಳು. ಆ ಕತ್ತಲಲ್ಲಿ ಬೆಳಕಿಗೆ ಕಾಯುವವರು ಯಾರೂ ಇರಲಿಲ್ಲ.