ಬಾಯಿ ಮುಚ್ಚಿದ ತೊಟ್ಟಿ

“ಊಟ ಆದ್ಮೇಲೆ ಐದು ಗಂಟೆವರೆಗೂ ಈ ತೊಟ್ಟಿ ಮುಚ್ಚಳ ತೆಗೀಬೇಡಪ್ಪ. ಬೇರೆ ಹೊತ್ತಲ್ಲಾದ್ರೆ ಮುಚ್ಚಳಕ್ಕೆ ಮೂರು ಸಲ ಕುಟ್ಟು, ಬಾಯ್ಮುಚ್ಕೊಂಡು ನೀರು ಸೇದು.”

“ಮಾತಾಡಿದ್ರೆ?”

“ದನೀನ ಇಟ್ಕೊಳ್ಳತ್ತೆ.” ಪಕ್ಕದ ಮನೆಯ ಮುದುಕಿ ಅಂಗುಸ್ತಿಯಾಸ್ ದನಿ ತಗ್ಗಿಸಿದಳು. “ಹಿಂದೆ ಈ ಮನೇಲಿದ್ದ ಮೂರರ ಹೆಂಗಸಿಗೆ, ಅರಬ್ಬಿ ಮುಸಲ್ಮಾನಳಿಗೆ, ಅವಳ ಭಾಷೆ ಆಡಕೂಡದು ಅಂತ ರಾಜನ ಅಪ್ಪಣೆ ಆಯ್ತಂತೆ. ಅವಳು ಮಾತನ್ನೆಲ್ಲ ಇದರೊಳಗೆ ಸುರಿದು ಶಾಪ ಹಾಕಿ ಹೋದಳು.”

“ಸರಿ ಬಿಡಮ್ಮ. ಮೂರರ ತೊಟ್ಟೀನ ಮೂರು ಗಂಟೆಗೇ ಮಾತಾಡಿಸ್ತೀನಿ!” ಎಂದ ಬೌಟಿಸ್ತಾ. ಆಮೇಲೆ ಅವಳ ಎಚ್ಚರಿಕೆಯನ್ನು ಅವಳದೇ ಒಡಕು ದನಿಯಲ್ಲಿ, ಪದಗಳ ಬಾಲ ನುಂಗುವ ಗ್ರಾನಡಾದ ಧಾಟಿಯಲ್ಲಿ ಒಪ್ಪಿಸಿದ. ಮುದುಕಿ ಎದೆಯ ಮೇಲೆ ಶಿಲುಬೆ ಬರೆದುಕೊಂಡು ಹೊರಟುಹೋದಳು.

ಮೂವತ್ತು ವರ್ಷ ಮ್ಯಾಡ್ರಿಡ್‌ನಲ್ಲಿ ಪರದೇಶದ ಸಿನಿಮಾ ನಾಯಕರಿಗೆಲ್ಲ ಸ್ಪ್ಯಾನಿಷ್ ಕಂಠ ಕೊಟ್ಟವನು ಅವನು. ಹೆಂಡತಿ ಲೆಯೋನೋರ್ ಬಯಸಿದ್ದ ಗ್ರಾನಡಾದ ಈ ಮನೆಗೆ, ಅವಳು ಸತ್ತ ಮೇಲೆ, ಒಬ್ಬನೇ ಬಂದಿದ್ದ. ಅವಳದೆಂದು ಉಳಿದಿದ್ದು ಅವನ ಗಂಟಲಿನೊಳಗಿನ ಅವಳ ದನಿ ಮಾತ್ರ. ದಿನವೂ ಎರಡು ಕಪ್ ಕಾಫಿ ಇಟ್ಟು, ಅವಳ ದನಿಯಲ್ಲಿ ತನ್ನನ್ನು ತಾನೇ ಬೈದುಕೊಳ್ಳುತ್ತಿದ್ದ. ಅವಳ ನಗೆಯೊಂದು ಮಾತ್ರ ಎಷ್ಟು ತಿಣುಕಿದರೂ ಬಂದಿರಲಿಲ್ಲ.

ಜುಲೈ ತಿಂಗಳ ಮಧ್ಯಾಹ್ನ. ಗುಡ್ಡದ ಓಣಿಗಳೆಲ್ಲ ಕಿಟಕಿ ಮುಚ್ಚಿ ಮಲಗಿದ್ದವು. ಸುಣ್ಣದ ಗೋಡೆ ಕಾದ ವಾಸನೆ, ಯಾರದೋ ಅಡುಗೆಮನೆಯ ಹುರಿದ ಬೆಳ್ಳುಳ್ಳಿಯ ವಾಸನೆ. ಒಂದು ಹಕ್ಕಿಯೂ ಉಲಿಯಲಿಲ್ಲ. ಆ ಮೌನ ತಾಳಲಾರದೆ ಬೌಟಿಸ್ತಾ ನೆಲದಡಿಯ ತೊಟ್ಟಿಯ ಮರದ ಮುಚ್ಚಳ ಸರಿಸಿದ.

ಪಾಚಿಯ, ಒದ್ದೆ ಬೂದಿಯ ತಣ್ಣನೆಯ ಉಸಿರು ಮುಖಕ್ಕೆ ಬಡಿಯಿತು.

ಬಿಷಪ್ಪನಂತೆ ಆಶೀರ್ವದಿಸಿದ. ಪೊಲೀಸನಂತೆ ಗದರಿದ. ಪ್ರತಿ ಸಲವೂ ಪ್ರತಿಧ್ವನಿ ತುಸು ತಡವಾಗಿ, ಯೋಚಿಸಿ ಬಂದಂತೆ ಬಂತು. ಅವನು ನಕ್ಕ. ಮತ್ತೆ, ಲೆಯೋನೋರಳ ದನಿಯಲ್ಲಿ: “ಬೌಟಿ, ಅಂಗಿ ಗುಂಡಿ ಹಾಕ್ಕೊಳೋ!”

ಪ್ರತಿಧ್ವನಿ ಬರಲಿಲ್ಲ.

ನೀರು ಅಲುಗಿತು.

“ಮತ್ತೆ ಬರಿಗಾಲಲ್ಲಿ ನಿಂತಿದ್ದೀಯಾ?”

ಅವನು ಅದನ್ನು ಆಡಿರಲಿಲ್ಲ. ಕಾಲು ನೋಡಿಕೊಂಡ. ಬರಿಗಾಲು.

ಅವಳ ದನಿ ತೆಗೆಯಲು ಬಾಯಿ ತೆರೆದ. ಬರಿ ಗಾಳಿ. ಇನ್ನೊಮ್ಮೆ. ಗಾಳಿ. ಗಂಟಲಿನ ಆ ಮೂಲೆ ಖಾಲಿ. ಅವಳು ಅಲ್ಲಿಲ್ಲ. ಕೆಳಗಿದ್ದಾಳೆ. ಕತ್ತಲಲ್ಲಿ. ಬಾಗಿದ. ಇನ್ನೂ ಬಾಗಿದ. ಮುದುಕಿಯ ಮಾತು ನೆನಪಾಯಿತು. ನೆನಪಾದರೂ, ತನ್ನದೇ ದನಿಯಲ್ಲಿ, ಇದ್ದಷ್ಟೂ ಉಸಿರು ಸುರಿದು ಕೂಗಿದ:

“ಲೆಯೋನೋರ್!”

ಐದು ಗಂಟೆಗೆ ಕಿಟಕಿಗಳು ತೆರೆದವು. ಅಂಗುಸ್ತಿಯಾಸ್ ಬಂದಾಗ ಅವನು ತೊಟ್ಟಿಯ ಪಕ್ಕ ಕೂತು ದನಿಯಿಲ್ಲದೆ ತುಟಿ ಆಡಿಸುತ್ತಿದ್ದ. ಅವಳು ಬಾಗಿ ತೊಟ್ಟಿಯ ಕಲ್ಲಿಗೆ ಕಿವಿಯಿಟ್ಟಳು.

“ಇಬ್ಬರೂ ಇದ್ದಾರಪ್ಪ,” ಎಂದು ಪಿಸುಗುಟ್ಟಿದಳು. “ನೀನೊಬ್ಬನೇ ಹೊರಗುಳಿದೆ.”

ಮುಚ್ಚಳ ಎಳೆದು ಮೂರು ಸಲ ಕುಟ್ಟಿದಳು. ಅದರಡಿಯಿಂದ ಬೌಟಿಸ್ತಾನ ದನಿ ಮುದುಕಿಯನ್ನು ಅಣಕಿಸಿತು: “ಬಾಯ್ಮುಚ್ಕೊಂಡು ನೀರು ಸೇದು!”

ಲೆಯೋನೋರ್ ನಕ್ಕಳು. ಅವನಿಗೆ ಎಂದೂ ಬಾರದಿದ್ದ ಅದೇ ನಗೆ.