ಬೆಳ್ಳಕ್ಕಿ ದೋಣಿಯ ಕೂವೆಮರ

ಬಲು ಹಿಂದೆ, ಕಡಲಿನ ಪ್ರಾಣಿಗಳಿಗೂ ಮಾತು ಬರುತ್ತಿದ್ದ ಕಾಲದಲ್ಲಿ, ಹೊನ್ನಳಿವೆ ಎಂಬ ರಾಜ್ಯವಿತ್ತು. ಅಲ್ಲಿಯ ಜನಕ್ಕೆ ಹೊಲವಿಲ್ಲ, ತೋಟವಿಲ್ಲ, ಇದ್ದದ್ದೆಲ್ಲ ಹಾಯಿದೋಣಿ. ಗಾಳಿ ಬೀಸಿದರೆ ಒಲೆ ಉರಿಯುತ್ತಿತ್ತು, ಗಾಳಿ ನಿಂತರೆ ಒಲೆ ಆರುತ್ತಿತ್ತು.

ಆ ರಾಜ್ಯದ ಎದುರು ಕಡಲಲ್ಲಿ ಕರಿಬಂಡೆ ಎಂಬ ದ್ವೀಪ. ಅಲ್ಲಿದ್ದವನು ಕಿಲುಬರಾಯನೆಂಬ ಮಾಂತ್ರಿಕ. ಒಂದು ಬೆಳಗ್ಗೆ ಅವನು ಬಾಯಿ ತೆರೆದು ಎಂಟು ದಿಕ್ಕಿನ ಗಾಳಿಯನ್ನೂ ನುಂಗಿಬಿಟ್ಟ. ತನ್ನ ದ್ವೀಪದ ಕಡೆಗೆ ಬೀಸುವ ಒಂದು ಎಳೆಗಾಳಿಯನ್ನು ಮಾತ್ರ, ಬಲೆಯಲ್ಲಿಟ್ಟ ಕಾಳಿನಂತೆ, ಹೊರಗೆ ಬಿಟ್ಟ. ಆ ಗಾಳಿ ಹಿಡಿದು ಬಂದ ದೋಣಿಯ ಮೇಲೆ ಅವನು ಒಂದೇ ಒಂದು ಸಲ ಉಸಿರು ಬಿಟ್ಟರೆ ಸಾಕು, ಹಾಯಿ ಹೊತ್ತ ಕೂವೆಮರದ ಹಗ್ಗಗಳನ್ನು ಹಿಡಿದ ಕಬ್ಬಿಣದ ಆಣಿ, ಕೊಕ್ಕೆ, ಬಳೆಗಳೆಲ್ಲ ತುಕ್ಕಾಗಿ ಉದುರುತ್ತಿದ್ದವು. ಹಗ್ಗ ಸಡಿಲಿ ಕೂವೆಮರ ಉರುಳುತ್ತಿತ್ತು. ಹಾಯಿ ನೀರುಪಾಲಾಗುತ್ತಿತ್ತು. ದೋಣಿಯವರನ್ನು ಅವನು ನೀರುಕಾಗೆಗಳನ್ನಾಗಿ ಮಾಡಿ ಬಂಡೆಯ ಮೇಲೆ ಕೂರಿಸುತ್ತಿದ್ದ. ಅಮಾವಾಸ್ಯೆ ಕಳೆದರೆ ಆ ಹಕ್ಕಿಗಳು ತಾವು ಮನುಷ್ಯರಾಗಿದ್ದುದನ್ನೇ ಮರೆಯುತ್ತಿದ್ದವು. ಆಮೇಲೆ ಅವು ಯಾವ ಮಂತ್ರಕ್ಕೂ ಮರಳುತ್ತಿರಲಿಲ್ಲ.

ಹಾಗೆ ಹೋದವರಲ್ಲಿ ಮಂಕಾಳಿಯ ಅಣ್ಣ ಜಟ್ಟಪ್ಪನೂ ಒಬ್ಬ. ಅಮಾವಾಸ್ಯೆ ಹತ್ತಿರ ಬಂತು. ಇನ್ನು ಕಾಯುವುದು ತರವಲ್ಲವೆಂದು ಮಂಕಾಳಿ ಮನೆಯ ಹಳೇ ದೋಣಿ ಬೆಳ್ಳಕ್ಕಿಯನ್ನು ಚಪ್ಪರದಿಂದ ಹೊರಗೆಳೆದಳು. ಅದು ಕಬ್ಬಿಣ ಅಗ್ಗವಾಗುವ ಮೊದಲು ಕಟ್ಟಿದ ಪುಟ್ಟ ದೋಣಿ. ಅದರ ಆಣಿ, ಬಳೆ, ಕಪ್ಪಿಗಳೆಲ್ಲ ಕಂಚಿನವು. ಮಂಕಾಳಿ ಅಂದಾಜಿನ ಕೆಲಸ ಮಾಡುವವಳಲ್ಲ. ಒಂದೊಂದು ಆಣಿಯನ್ನೂ ಕಿತ್ತು, ಮರದ ಕೊಡತಿಯಿಂದ ಬಡಿದು, ಕಿವಿಗೆ ಹಿಡಿದಳು. ಗಂಟೆಯಂತೆ ನುಡಿದದ್ದನ್ನು ಇಟ್ಟುಕೊಂಡಳು. ಒಡಕು ದನಿಯದ್ದನ್ನು ಎಸೆದು ಹೊಸದು ಎರಕ ಹೊಯ್ಸಿದಳು.

ಜೊತೆಗೆ ಹೊರಟು ನಿಂತವಳು ಜಟ್ಟಪ್ಪನ ಹೆಂಡತಿ ಸಾವಂತ್ರಿ. ಅವಳಿಗೆ ತಡೆಯಲಾಗಲಿಲ್ಲ. "ಹೆಣ್ಣು ನೋಡಲು ಬಂದವರೂ ಇಷ್ಟು ಪರೀಕ್ಷೆ ಮಾಡುವುದಿಲ್ಲ, ಮಾರಾಯ್ತಿ," ಎಂದಳು.

"ಹೆಣ್ಣು ನೋಡಿದವರು ತಪ್ಪಿದರೆ ಜಗಳ, ಅತ್ತಿಗೆ. ಆಣಿ ನೋಡಿದವರು ತಪ್ಪಿದರೆ ಸಾವು."

ಹೊನ್ನಳಿವೆಯಲ್ಲಿ ಒಂದು ಪದ್ಧತಿಯಿತ್ತು. ಗಂಡಾಂತರದ ಪಯಣಕ್ಕೆ ಹೊರಟ ದೋಣಿಗೆ ಅರಸು ತನ್ನ ಕೈಯಾರೆ ಒಂದು ಚಿನ್ನದ ಆಣಿ ತೊಡಿಸಬೇಕು. ಅರಸು ಭುಜಬಲರಾಯ ದಡಕ್ಕೆ ಬಂದು, ಕೂವೆಮರವನ್ನು ಮುಂದಿನಿಂದ ಎಳೆದು ಹಿಡಿಯುವ ಹಗ್ಗಕ್ಕೆ ಅದನ್ನು ತೊಡಿಸಿದ. ಅದನ್ನು ಬಡಿದು ನೋಡಬೇಕೆಂದು ಮಂಕಾಳಿಯ ಕೈ ಕೊಡತಿಗೆ ಹೋಯಿತು. ಅರಸನ ಮುಂದೆ ಅವಿನಯವಾದೀತೆಂದು ಕೈ ಹಿಂದಕ್ಕೆ ಬಂತು. ಅಲ್ಲಿಂದ ಕಿತ್ತ ಕಂಚಿನ ಆಣಿಯನ್ನು ಸೆರಗಿಗೆ ಕಟ್ಟಿಕೊಂಡು ಹಾಯಿ ಏರಿಸಿದಳು.

ಅಳಿವೆ ದಾಟುತ್ತಲೇ ಗುಡ್ಡದಂಥ ಏಡಿಯೊಂದು ಹಿಂದಿನಿಂದ ಎದ್ದಿತು. ಮೂರು ಸಲ ಎಳೆಯುತ್ತೇನೆ, ಕೂವೆಮರ ನಿಂತರೆ ದಾರಿ, ಬಿದ್ದರೆ ನೀವು ನನ್ನ ಊಟ ಎಂದು ಅದು ಇಕ್ಕಳದಂಥ ಕೊಂಬಿನಿಂದ ಮರದ ತುದಿ ಹಿಡಿಯಿತು. ಮೊದಲ ಎಳೆತಕ್ಕೇ ಚಿನ್ನದ ಆಣಿ ಬೆಲ್ಲದ ಪಾಕದಂತೆ ಬಗ್ಗಿ ಜಾರಿತು. ಮುಂದಿನ ಹಗ್ಗ ಬಿಚ್ಚಿಕೊಂಡಿತು, ಮರ ಹಿಂದಕ್ಕೆ ವಾಲಿತು. ಮಂಕಾಳಿ ಹಾರಿ ಹಗ್ಗ ಹಿಡಿದು ಅತ್ತಿಗೆಯ ಸೊಂಟಕ್ಕೆ ಸುತ್ತಿದಳು. ಸಾವಂತ್ರಿ ಎರಡೂ ಕಾಲನ್ನು ಹಲಗೆಗೆ ಊರಿ ಬಂಡೆಯಂತೆ ಕೂತಳು. ನನ್ನ ದಪ್ಪ ಸೊಂಟ ಕಂಡು ನಗುತ್ತಿದ್ದವರು ಈಗ ಬಂದು ನೋಡಲಿ ಎಂದು ಹಲ್ಲುಕಚ್ಚಿಯೇ ಗೊಣಗಿದಳು. ಅಷ್ಟರಲ್ಲಿ ಮಂಕಾಳಿ ಕಂಚಿನ ಆಣಿಯನ್ನು ಬಡಿದು ಕೂರಿಸಿದ್ದಳು. ಏಡಿ ಎರಡನೆಯ ಸಲ ಎಳೆಯಿತು, ಮರ ಕದಲಲಿಲ್ಲ. ಮೂರನೆಯ ಸಲ ಎಳೆಯಿತು, ಅದರ ಕೊಂಬೇ ಮುರಿಯಿತು.

"ತಪ್ಪು ಅರಸರದ್ದಲ್ಲ," ಎಂದಳು ಮಂಕಾಳಿ. "ಚಿನ್ನ ಕೊರಳಿಗೆ ಎಂದು ಬಲ್ಲವಳು ನಾನು. ಬಲ್ಲವಳು ಹೇಳಬೇಕಿತ್ತು."

ಮುಂದೆ ಬಂಡೆಗಳ ಗೋಡೆ. ಅದಕ್ಕೆ ಒಂದೇ ಬಾಗಿಲು, ಅದೂ ಕಲ್ಲುಯಾಳಿಯ ಬಾಯಿ. ಬಾಗಿದವರಿಗೆ ದಾರಿ, ಬಾಗದ್ದನ್ನು ಕಚ್ಚುತ್ತೇನೆ ಎಂದು ಯಾಳಿ ಗುಡುಗಿತು. ಮಂಕಾಳಿ ಬಾಗಿದಳು. ಸಾವಂತ್ರಿ ನೋಯುವ ಸೊಂಟ ಹಿಡಿದುಕೊಂಡೇ ಬಾಗಿದಳು. ದೋಣಿಯೂ ಬಾಗಬೇಕೆಂದಿತು ಯಾಳಿ. ಅದರ ಹಲ್ಲಿನ ಸಂದಿಯಲ್ಲಿ ಹಿಂದೆ ಒಳಗೆ ಹೋದ ಹಡಗುಗಳ ಕೂವೆಮರದ ಮುರಿದ ತುದಿಗಳು ಕಡ್ಡಿಗಳಂತೆ ಸಿಕ್ಕಿಕೊಂಡಿದ್ದವು.

ಆದರೆ ಬೆಳ್ಳಕ್ಕಿ ಹಿನ್ನೀರಿನ ತೊರೆಗಳಲ್ಲಿ ತಗ್ಗು ಸೇತುವೆಯಂಥ ಸಂಕದಡಿ ನುಸುಳಿ ಬೆಳೆದ ದೋಣಿ. ಅದರ ಕೂವೆಮರದ ಬುಡ ಎರಡು ದಪ್ಪ ಹಲಗೆಗಳ ನಡುವೆ ಎರಡು ಆಣಿಗಳ ಮೇಲೆ ನಿಂತಿತ್ತು. ಮಂಕಾಳಿ ಹಾಯಿ ಇಳಿಸಿ, ಮುಂದಿನ ಹಗ್ಗ ಸಡಿಲಿಸಿ, ಕೆಳಗಿನ ಆಣಿ ಕಿತ್ತಳು. ಮೇಲಿನ ಆಣಿ ಬಾಗಿಲಿನ ತಿರುಗಣಿಯಂತೆ ತಿರುಗಿತು. ಮರ ಮೆಲ್ಲಗೆ ಹಿಂದಕ್ಕೆ ಬಾಗಿ ದೋಣಿಯುದ್ದಕ್ಕೂ ಮಲಗಿತು. ನೂರು ವರ್ಷದಲ್ಲಿ ಯಾವ ಹಡಗೂ ಯಾಳಿಗೆ ಅಡ್ಡಬಿದ್ದಿರಲಿಲ್ಲ. ಅದಕ್ಕೆ ಎಷ್ಟು ಸಂತೋಷವಾಯಿತೆಂದರೆ ಬಾಯಿ ತೆರೆದದ್ದು ಮುಚ್ಚಲೇ ಇಲ್ಲ. ಇವರು ಹುಟ್ಟು ಹಾಕಿ ಒಳಗೆ ಹೋದರು. ಮರ ಎತ್ತಿ, ಆಣಿ ಜಡಿದು, ಮತ್ತೆ ಹಾಯಿ ಬಿಚ್ಚಿದರು.

ಕರಿಬಂಡೆಯ ಮೇಲೆ ಕಿಲುಬರಾಯ ಊದಿಕೊಂಡ ಹೊಟ್ಟೆಯ ಮೇಲೆ ಕೈಯಿಟ್ಟು ಕೂತಿದ್ದ. ಸುತ್ತ ಸಾವಿರ ನೀರುಕಾಗೆಗಳು. ಅವನು ಸೋಮಾರಿಯಂತೆ ಒಂದು ಉಸಿರು ಬಿಟ್ಟ. ಬೆಳ್ಳಕ್ಕಿಯ ಕಂಚೆಲ್ಲ ಗಿಳಿಹಸಿರಾಯಿತು. ಮೂಡಣಗಾಳಿ ಅವನ ಬಾಯಿಂದ ತಪ್ಪಿಸಿಕೊಂಡಿತು.

ಎದುರುಗಾಳಿಗೆ ನೆಟ್ಟಗೆ ಹೋಗಲಾಗದು, ಓರೆಯಾಗಿ ಹೋಗಬೇಕು. ಮಂಕಾಳಿ ಚುಕ್ಕಾಣಿ ತಿರುಗಿಸಿದಳು, ಸಾವಂತ್ರಿ ಕಪ್ಪಿಯ ಹಗ್ಗ ಜಗ್ಗಿ ಹಾಯಿ ಬಿಗಿದಳು. ಹಗ್ಗಗಳು ವೀಣೆಯ ತಂತಿಯಂತೆ ಮಿಡಿದವು. ದೋಣಿ ಬಲಕ್ಕೆ ಓರೆಯಾಗಿ ಮುಂದೆ ಬಂತು.

ಒಂದೇ ಉಸಿರಿಗೆ ಗೆದ್ದು ರೂಢಿಯಾದವನಿಗೆ ಇದು ಅವಮಾನ. ಅವನು ಎದ್ದು ನಿಂತು ಎರಡನೆಯ ಉಸಿರು ಬಿಟ್ಟ. ಪಡುವಣ, ತೆಂಕಣ ಗಾಳಿಗಳೂ ಹೊರಬಿದ್ದವು. ಹಸಿರು ಇನ್ನಷ್ಟು ದಟ್ಟವಾಯಿತು, ಆಣಿಯೊಂದೂ ಕದಲಲಿಲ್ಲ. ದೋಣಿ ಎಡಕ್ಕೆ ಓರೆಯಾಗಿ ಇನ್ನೂ ಹತ್ತಿರ ಬಂತು.

"ಏಕೆ ಮುರಿಯುವುದಿಲ್ಲ? ಕಿಲುಬು ಹಿಡಿದಿದೆಯಲ್ಲ," ಎಂದ ಅವನು.

"ತುಕ್ಕು ಕಬ್ಬಿಣವನ್ನು ತಿನ್ನುತ್ತದೆ," ಎಂದಳು ಮಂಕಾಳಿ. "ಕಿಲುಬು ಕಂಚಿಗೆ ಅಂಗಿ. ನೀನು ಊದಿದಷ್ಟೂ ಅದಕ್ಕೆ ಅಂಗಿ ಹೊಲಿಯುತ್ತಿದ್ದೀಯೆ. ಇನ್ನೊಂದು ಹೊಲಿ."

ಸಿಟ್ಟಿಗೆ ಲೆಕ್ಕವುಂಟೆ? ಕಿಲುಬರಾಯ ಹೊಟ್ಟೆಯ ತಳದಿಂದ ಮೂರನೆಯ ಉಸಿರು ಬಿಟ್ಟ. ಉಳಿದ ಗಾಳಿಗಳೆಲ್ಲ, ಮೂಲೆಯ ಸುಳಿಗಾಳಿಯೂ ಸೇರಿ, ಹೋ ಎಂದು ಹೊರಗೆ ನುಗ್ಗಿದವು. ಬೆಳ್ಳಕ್ಕಿಯ ಒಂದು ಮಗ್ಗುಲು ನೀರಿಗೆ ತಾಗಿತು, ಕೂವೆಮರ ನರಳಿತು, ನಿಂತಿತು. ಕಣ್ಣು ಬಿಟ್ಟು ನೋಡಿದರೆ ದೋಣಿಯ ಮೂತಿ ಬಂಡೆಗೆ ತಾಗಿದೆ. ಮಾಂತ್ರಿಕನಿದ್ದ ಜಾಗದಲ್ಲಿ ಖಾಲಿ ತೊಗಲಿನ ಚೀಲವೊಂದು ಬಿದ್ದಿದೆ. ಮೂಡಣಗಾಳಿ ಅದನ್ನು ಎತ್ತಿ ಸೂರ್ಯ ಮುಳುಗುವ ಗೆರೆಯ ಆಚೆಗೆ ಒಗೆಯಿತು.

ನೀರುಕಾಗೆಗಳು ರೆಕ್ಕೆ ಕೊಡವಿದವು. ಕರಿಗರಿ ಉದುರಿ, ಉದುರಿದಲ್ಲೆಲ್ಲ ಮನುಷ್ಯರು ಎದ್ದು ನಿಂತರು. ಜಟ್ಟಪ್ಪನ ಬಾಯಲ್ಲಿ ಹಸಿಮೀನಿನ ಬಾಲ ಇನ್ನೂ ಅಲ್ಲಾಡುತ್ತಿತ್ತು. ಅವನು ಮಿಕಮಿಕ ನೋಡಿದ. ಸಾವಂತ್ರಿ ಅವನ ಮುಂದೆ ಹೋಗಿ ನಿಂತಳು. ಅವಳ ಕಣ್ಣಿಂದ ನೀರು ಸುರಿಯುತ್ತಿತ್ತು, ದನಿ ಮಾತ್ರ ಗಟ್ಟಿಯಿತ್ತು.

"ಅದನ್ನು ಉಗುಳಿ. ಮನೆಗೆ ಬನ್ನಿ, ಬೇಯಿಸಿ ಹಾಕುತ್ತೇನೆ."

ಜಟ್ಟಪ್ಪ ಉಗುಳಿದ. ಮೊದಲು ಹೆಂಡತಿಯ ಹೆಸರು ಹೇಳಿದ, ಆಮೇಲೆ ತಂಗಿಯದು, ಕಡೆಗೆ ತನ್ನದು.

ಬಂಡೆಯ ಬುಡದಲ್ಲಿ ಬಿದ್ದಿದ್ದ ದೋಣಿಗಳನ್ನೆಲ್ಲ ಬೆಳ್ಳಕ್ಕಿಯ ಹಿಂದೆ ಸಾಲಾಗಿ ಕಟ್ಟಿದರು. ಎಂಟು ದಿಕ್ಕಿನ ಗಾಳಿ ಬೆನ್ನಿಗೆ ನಿಂತು ಅವರನ್ನೆಲ್ಲ ಹೊನ್ನಳಿವೆಗೆ ತಲುಪಿಸಿತು. ಆ ಸಂಜೆ ಊರಿನಲ್ಲಿ ಹೊಗೆಯಾಡದ ಒಲೆ ಒಂದೂ ಇರಲಿಲ್ಲ. ಅಂದಿನಿಂದ ಅವರೆಲ್ಲ ಉಂಡು, ತೇಲಿ, ನಕ್ಕು ಬಾಳಿದರು. ಆ ಕಡಲಲ್ಲಿ ಗಾಳಿ ಬೀಸುವವರೆಗೂ ಹಾಗೆಯೇ ಬಾಳುತ್ತಾರೆ.