ಘಟಪ್ರಭಾ ಸ್ಟೇಷನ್ನಿನಲ್ಲಿ ಕೂಗಿದ ಹೆಸರು

"ಬಾಳವ್ವ, ಇನ್ನೊಂದು ರೊಟ್ಟಿ ಬೇಕಂತ ಹೇಳು."

"ಯಾರಿಗೆ ಹೇಳಲಿ?"

"ಹೇಳಂದ್ರ ಹೇಳಬೇಕು. ಯಾರಿಗೆ ಅಂತ ಕೇಳಬಾರ್ದು."

ಹೀಗೆ ಗದರಿದವನು ಬಾಳವ್ವನ ಅಣ್ಣ ಶಿದ್ರಾಮ. ರೊಟ್ಟಿಯ ಬುಟ್ಟಿ ಹಿಡಿದು ಅವನ ಮಗ್ಗುಲಿಗೇ ನಿಂತಿದ್ದವಳು ಅವನ ಹೆಂಡತಿ ಗೌರವ್ವ. ಅವನು ಅಂದದ್ದು ಅವಳಿಗೆ ಚೆನ್ನಾಗಿ ಕೇಳಿಸಿತ್ತು. ಹಿತ್ತಲ ಎಮ್ಮೆಗೂ ಕೇಳಿಸಿತ್ತು. ಆದರೂ ಬಾಳವ್ವ ಬಾಯಲ್ಲಿನ ತುತ್ತು ನುಂಗಿ, "ವೈನಿ, ಇನ್ನೊಂದು ರೊಟ್ಟಿ ಬೇಕಂತ" ಎನ್ನುವವರೆಗೆ ಗೌರವ್ವ ಅಲುಗಾಡಲಿಲ್ಲ.

"ಖಟಕ ರೊಟ್ಟಿ ಬೇಕೋ, ಬಿಸೀದು ಬೇಕೋ ಕೇಳು," ಎಂದಳು ವೈನಿ, ಗೋಡೆಯ ಕಡೆ ನೋಡುತ್ತ.

"ಅಣ್ಣ, ಖಟಕ ಬೇಕೋ, ಬಿಸೀದು ಬೇಕೋ?"

"ಬಿಸೀದು ಅಂತ ಹೇಳು."

ಬಾಳವ್ವ ಹೇಳಿ ಮುಗಿಸುವಷ್ಟರಲ್ಲಿ ಬಿಸಿ ರೊಟ್ಟಿ ತಣ್ಣಗಾಗಿತ್ತು.

ಕಲ್ಲೋಳಿಯ ಆ ಮನೆಯಲ್ಲಿ ಹೊಸದಾಗಿ ಮದುವೆಯಾದವರು ಹಿರಿಯರ ಎದುರು ಒಬ್ಬರೊಡನೊಬ್ಬರು ಮಾತಾಡುವಂತಿರಲಿಲ್ಲ. ಹೆಸರು ಹಿಡಿದು ಕರೆಯುವುದಂತೂ ದೂರದ ಮಾತು. ಹೆಂಡತಿ ಗಂಡನ ಹೆಸರು ಹೇಳಿದರೆ ಗಂಡನ ಆಯುಷ್ಯ ಕಡಿಮೆಯಾಗುತ್ತದಂತೆ. ಗಂಡ ಹೆಂಡತಿಯ ಹೆಸರು ಹೇಳಿದರೆ ಗಂಡನ ಮಾನ ಕಡಿಮೆಯಾಗುತ್ತದಂತೆ. ಹೇಗೆ ನೋಡಿದರೂ ನಷ್ಟ ಗಂಡನಿಗೇ!

ಈ ಕಾಯ್ದೆಗೆಲ್ಲ ಫೌಜದಾರಳು ಆಯಿ. ಆಯಿ ಅಂದರೆ ಅಪ್ಪನ ಅವ್ವ, ಕಾಶೆವ್ವ. ಪಡಸಾಲೆಯ ಕಂಬಕ್ಕೆ ಒರಗಿ ಕೂತರೆ ಅವಳ ಕಣ್ಣು ಅಡುಗೆಮನೆಯಲ್ಲಿರುತ್ತಿತ್ತು, ಕಿವಿ ಹಿತ್ತಲಲ್ಲಿರುತ್ತಿತ್ತು. ಗರಡಿಮನೆಯಲ್ಲಿ ಶಿದ್ರಾಮ ತೊಡೆ ತಟ್ಟಿ ಕೂಗಿದರೆ ಊರ ಅಗಸೆ ಬಾಗಿಲವರೆಗೆ ಕೇಳಿಸುತ್ತಿತ್ತು. ಅದೇ ಪೈಲವಾನ ಆಯಿಯ ಮುಂದೆ ಹೆಂಡತಿ ಹಾದುಹೋದರೆ ಮಳೆಯಲ್ಲಿ ತೊಯ್ದ ಬೆಕ್ಕಾಗುತ್ತಿದ್ದ.

ಗಂಡಹೆಂಡತಿಯ ಮಾತೆಲ್ಲ ಹೊರುವ ಕೆಲಸ ಬಾಳವ್ವನದು. ಮೊದಮೊದಲು ಅವಳಿಗೂ ಇದು ಮಜಾ ಅನ್ನಿಸಿತ್ತು. ಆದರೆ ಒಂದು ದಿನ ಸಾಲಿಯಲ್ಲಿ ಮಾಸ್ತರರು ಮಗ್ಗಿ ಹೇಳಿಸುತ್ತಿದ್ದಾಗ ಕಿಟಕಿಯಲ್ಲಿ ಶಿದ್ರಾಮನ ಪೇಟ ಕಾಣಿಸಿತು.

"ಬಾಳವ್ವ, ನಾ ಹೊಲಕ್ಕ ಹೊಂಟೇನಿ. ಪಲ್ಯಾದಾಗ ಇವತ್ತ ಉಪ್ಪ ಛಲೋ ಬಿದ್ದಿತ್ತಂತ ಹೇಳು."

"ಯಾರಿಗಪಾ?" ಎಂದು ಮಾಸ್ತರರೇ ಕೇಳಿಬಿಟ್ಟರು.

ಶಿದ್ರಾಮ ಓಡಿಹೋದ. ಬಾಳವ್ವ ಎಲ್ಲಿಗೆ ಓಡಬೇಕು? ಇಡೀ ನಾಲ್ಕನೇ ಇಯತ್ತೆ ಹೊಟ್ಟೆ ಹಿಡಿದು ನಕ್ಕಿತು. ಅಂದಿನಿಂದ ಅವಳಿಗೆ ಟಪಾಲವ್ವ ಎಂದೇ ಹೆಸರು ಬಿತ್ತು.

"ಟಪಾಲವ್ವ ಬಂದ್ಳು! ನಮ್ಮನೀದು ಏನರ ಐತೇನಬೇ?"

ಅಳುತ್ತ ಮನೆಗೆ ಬಂದ ಬಾಳವ್ವ ಅಣ್ಣನಿಗೂ ವೈನಿಗೂ ಸೇರಿಸಿಯೇ ಹೇಳಿದಳು: "ಇನ್ನ ಮ್ಯಾಲೆ ನಿಮ್ಮ ಟಪಾಲ ನಾ ಒಯ್ಯಾಂಗಿಲ್ಲ. ನಿಮ್ಮ ಬಾಯಿ ನಿಮಗ, ನನ್ನ ಬಾಯಿ ನನಗ!"

ಅಷ್ಟರಲ್ಲಿ ಪಂಚಮಿ ಹಬ್ಬ ಬಂತು. ಮದುವೆಯಾದ ಮೇಲಿನ ಮೊದಲ ಪಂಚಮಿಗೆ ಮಗಳು ತವರಿಗೆ ಹೋಗಲೇಬೇಕು. ಗೌರವ್ವನ ತವರು ಹುಕ್ಕೇರಿ ಸೀಮೆಯ ಪಾಶ್ಚಾಪುರ. ಕರೆಯಲು ಬರಬೇಕಾದ ಅವಳ ಅಣ್ಣ ಜ್ವರ ಹಿಡಿದು ಮಲಗಿದ್ದ. "ಅಳಿಯಂದಿರೇ ರೇಲ್ವೇದಾಗ ಕರಕೊಂಡು ಬರಬೇಕು" ಎಂದು ಹೇಳಿಕಳಿಸಿದರು.

"ಇಬ್ಬರೇ ಹ್ವಾದ್ರ ಮಂದಿ ಏನಂದಾರು?" ಎಂದಳು ಆಯಿ.

ಮುನ್ನೂರು ಮಂದಿಯ ಮುಂದೆ ಅಕ್ಷತೆ ಹಾಕಿಸಿಕೊಂಡವರು ಇಬ್ಬರೇ ರೈಲು ಹತ್ತಬಾರದಂತೆ! ಹಾಗಾಗಿ ಬಾಳವ್ವನನ್ನೂ ಚಕ್ಕಡಿಯಲ್ಲಿ ಕೂಡಿಸಿದರು. ಹೊರಡುವಾಗ ಆಯಿ ಗೌರವ್ವನ ಸೆರಗನ್ನು ಮೂಗಿನವರೆಗೆ ಎಳೆದಳು. "ತಲಿ ಎತ್ತಬ್ಯಾಡ. ಅವನ ಹಿಂದಿಂದ ನಡಿ, ಸಾಕು."

ಘಟಪ್ರಭಾ ಸ್ಟೇಷನ್ನಿನಲ್ಲಿ ಕಾಲಿಡಲು ಜಾಗವಿರಲಿಲ್ಲ. ಪಂಚಮಿಗೆ ಹೊರಟ ಹೆಣ್ಣುಮಕ್ಕಳು, ಉಂಡಿ ತುಂಬಿದ ಬುಟ್ಟಿಗಳು, ಅಳುವ ಕೂಸುಗಳು. ಅತ್ತ ಪಾಶ್ಚಾಪುರದ ಮೇಲೆ ಹೋಗುವ ಬೆಳಗಾವಿ ಗಾಡಿ ನಿಂತಿತ್ತು, ಇತ್ತ ಅದರ ಎದುರು ದಿಕ್ಕಿಗೆ ಹೊರಟ ಮಿರಜದ ಗಾಡಿ ಬುಸುಗುಡುತ್ತಿತ್ತು.

"ಬಾಳವ್ವ, ಆ ಕಡೀ ಗಾಡಿ ಅಂತ ಹೇಳು," ಎಂದ ಶಿದ್ರಾಮ.

"ನೀನ ಹೇಳು," ಎಂದು ಬಾಳವ್ವ ಇಂಜಿನ್ ನೋಡಲು ಮುಂದೆ ಓಡಿದಳು.

ಶಿದ್ರಾಮ ಸ್ಟೇಷನ್ನಿನ ಗೋಡೆಗೆ "ಆ ಕಡೀ ಗಾಡಿ" ಎಂದು ಹೇಳಿದ. ಗೋಡೆ ಕೇಳಿಸಿಕೊಂಡಿತು. ಗಂಟು ಹೆಗಲಿಗೇರಿಸಿ ಬಿರಬಿರನೆ ನಡೆದ. ಹಿಂದಿರುಗಿ ನೋಡಿದರೆ ಗಂಡಸುತನ ಉದುರಿಬಿದ್ದೀತಲ್ಲ!

ಸೆರಗಿನೊಳಗಿನ ಗೌರವ್ವನಿಗೆ ಕಾಣುತ್ತಿದ್ದದ್ದು ಎರಡೇ. ಒಂದು ಧೋತರದ ಅಂಚು, ಒಂದು ಜೋಡಿ ಚಪ್ಪಲಿ. ಆ ಚಪ್ಪಲಿಯ ಹಿಂದೆ ಅವಳು ನಡೆದಳು. ಚಪ್ಪಲಿ ಗಾಡಿ ಹತ್ತಿತು, ಅವಳೂ ಹತ್ತಿದಳು. ನಡುವೆ ಆ ಗದ್ದಲದಲ್ಲಿ ಚಪ್ಪಲಿ ಬದಲಾಗಿದ್ದು ಅವಳಿಗೆ ತಿಳಿಯಲಿಲ್ಲ. ಅದು ಮಿರಜಕ್ಕೆ ಹೊರಟಿದ್ದ ಯಾರೋ ಬೆಲ್ಲದ ವ್ಯಾಪಾರಿಯದು.

ಬೆಳಗಾವಿ ಗಾಡಿಯ ಡಬ್ಬಿಯ ಬಾಗಿಲಲ್ಲಿ ಬಾಳವ್ವ ಕೇಳಿದಳು, "ಅಣ್ಣ, ವೈನಿ ಎಲ್ಲಿ?"

ಕಲ್ಲೋಳಿ ಬಿಟ್ಟ ಮೇಲೆ ಶಿದ್ರಾಮ ಮೊದಲ ಸಲ ಹಿಂದಿರುಗಿ ನೋಡಿದ. ಎಲ್ಲಿ ನೋಡಿದರೂ ಸೆರಗು! ಗೌರವ್ವನದರಂಥದೇ ಹಸಿರು ಸೀರೆಯ ಒಂದು ಸೆರಗಿನ ಹತ್ತಿರ ಹೋಗಿ ಗಂಟಲು ಸರಿಮಾಡಿಕೊಂಡು, "ಹ್ಞೂಂ, ನಡಿ" ಎಂದ. ಸೆರಗು ಸರಿಯಿತು. ಒಳಗೆ ಹಲ್ಲಿಲ್ಲದ ಮುದುಕಿ.

"ಎಲ್ಲಿಗೋ ನನ್ನಪ್ಪಾ?" ಎಂದಳು ಮುದುಕಿ.

ಅಷ್ಟರಲ್ಲಿ ಬಾಳವ್ವ ಚೀರಿದಳು. "ಅಣ್ಣಾ! ಮಿರಜಿ ಗಾಡ್ಯಾಗ ವೈನಿ ಸೀರಿ ಕಂಡಂಗಾತು!"

ಗಾರ್ಡ್ ಹಸಿರು ಬಾವುಟ ಬಿಚ್ಚಿದ. ಟಿಕೀಟು ಶಿದ್ರಾಮನ ಹತ್ತಿರ. ಗೌರವ್ವ ಮಿರಜ ಕಂಡವಳಲ್ಲ, ಅಲ್ಲಿ ಅವಳಿಗೆ ಯಾರೂ ಇಲ್ಲ. ಬಾಳವ್ವ ಡಬ್ಬಿಯ ಬಾಗಿಲಿಂದ ಜಿಗಿದಳು. "ವೈನೀ! ವೈನೀ!" ಎಂದು ಕೂಗಿದಳು. ಇಂಜಿನ್ನಿನ ಸದ್ದು ಅವಳ ದನಿಯನ್ನು ನುಂಗಿಹಾಕಿತು.

"ಏ! ಏ, ಕೇಳಸ್ತೇನ!" ಎಂದ ಶಿದ್ರಾಮ.

ಪ್ಲಾಟ್‌ಫಾರ್ಮಿನ ಹೆಂಗಸರೆಲ್ಲ ತಿರುಗಿ ನೋಡಿದರು. ಆ ಕಾಲಕ್ಕೆ ಅರ್ಧ ಜಿಲ್ಲೆಯ ಹೆಂಡಂದಿರ ಹೆಸರು 'ಏ' ಎಂದೇ ಇತ್ತು.

"ಹೆಸರು ಒದರೋ ಅಣ್ಣ! ಹೋಗೇ ಬಿಡ್ತಾಳ!"

"ಗೌ... ಗೌ..." ಎಂದ ಪೈಲವಾನ. ಮುಖದ ತುಂಬ ಬೆವರು.

ಗಾಡಿ ಒಮ್ಮೆ ಕುಲುಕಿತು.

"ಗೌರವ್ವಾ! ಏ ಗೌರವ್ವಾ! ಇಳಿ! ಅದು ಮಿರಜಿ ಗಾಡಿ!"

ಅದು ಗರಡಿಮನೆಯ ದನಿ. ಚಹಾ ಮಾರುವವನು ಕೆಟಲಿ ಹಿಡಿದು ಹಾಗೇ ನಿಂತ. ಬಾಗಿಲಲ್ಲಿ ಗೌರವ್ವನ ಮುಖ ಕಾಣಿಸಿತು, ಸೆರಗು ಹೆಗಲ ಮೇಲೆ ಜಾರಿತ್ತು. ಶಿದ್ರಾಮ ಗಂಟು ಬಿಸಾಕಿ ಓಡಿದ. ಅವಳ ತೋಳು ಹಿಡಿದು ಇಳಿಸಿಕೊಂಡ. ಮರುಕ್ಷಣವೇ ಗಾಲಿಗಳು ಉರುಳಿದವು.

"ತಲಿ ಎತ್ತಿ ನೋಡಾಕ ಬರ್ತಿದ್ದಿಲ್ಲೇನ ನಿನಗ?"

"ನಿಮಗ ಹೊಳ್ಳಿ ನೋಡಾಕ ಬರ್ತಿದ್ದಿಲ್ಲೇನ್ರಿ?"

ಹೆದರಿಕೆಗೋ ಸಿಟ್ಟಿಗೋ ಗೌರವ್ವನ ಕಣ್ಣು ತುಂಬಿತ್ತು. ಶಿದ್ರಾಮನ ಕೈ ಇನ್ನೂ ಅವಳ ತೋಳಿನ ಮೇಲೇ ಇತ್ತು.

ಬೆಳಗಾವಿ ಗಾಡಿಯಲ್ಲಿ ಅವರು ಕಿಟಕಿಯ ಹತ್ತಿರ ಎದುರುಬದುರು ಕೂತರು. "ನೀರು ಕುಡೀತೀಯೇನ?" ಎಂದು ಅವನು ಕೇಳಿದ. "ನೀವು ಮೊದಲ ಕುಡೀರಿ" ಎಂದಳು ಅವಳು. ಆಮೇಲೆ ಪಾಶ್ಚಾಪುರದವರೆಗೆ ಅವರ ಮಾತು ನಿಲ್ಲಲಿಲ್ಲ. ಬಾಳವ್ವನಿಗೆ ಯಾರೂ ಏನೂ ಹೇಳು ಅನ್ನಲಿಲ್ಲ. ಅವಳು ಹಾಯಾಗಿ ಉಂಡಿ ತಿಂದಳು.

ಆದರೆ ಅವರ ಓಣಿಯ ಕಾಡವ್ವ ಅದೇ ಸ್ಟೇಷನ್ನಿನಲ್ಲಿದ್ದಳು. ಮಗಳನ್ನು ಗಾಡಿ ಹತ್ತಿಸಲು ಬಂದವಳು ಗಾಡಿಗಿಂತ ಜೋರಾಗಿ ಕಲ್ಲೋಳಿಗೆ ಹಿಂದಿರುಗಿದಳು. ಎರಡು ದಿನದ ಮೇಲೆ ವೈನಿಯನ್ನು ತವರಲ್ಲಿ ಬಿಟ್ಟು ಅಣ್ಣ ತಂಗಿ ಮನೆಗೆ ಬಂದಾಗ ಆಯಿ ಕಂಬಕ್ಕೆ ಒರಗಿ ಕಾಯುತ್ತಿದ್ದಳು.

"ಸಂತ್ಯಾಗ ಬದನೀಕಾಯಿ ಮಾರಿದಂಗ ಹೇಣ್ತಿ ಹೆಸರು ಒದರಿದಿಯಂತ? ಖರೆ ಏನ?"

"ಖರೆ," ಎಂದ ಶಿದ್ರಾಮ.

"ಮಂದಿ ನಗಾಕತ್ತಾರ."

"ನಗಲಿ ಬಿಡು. ಒದರದಿದ್ರ ಆಕಿ ಮಿರಜಿ ಪಾಲಾಗತಿದ್ಲು." ಅವನು ತಂಬಿಗೆ ನೀರು ಕುಡಿದು ಹೊಲಕ್ಕೆ ಹೊರಟುಹೋದ.

ಆಯಿ ಬಹಳ ಹೊತ್ತು ಗೊಣಗಿದಳು. ಜೋಳ ಹಸನು ಮಾಡಲು ಮೊರ ಹಿಡಿದಳು. ಪಡಸಾಲೆಯಲ್ಲಿ ಯಾರೂ ಇಲ್ಲದ್ದನ್ನು ನೋಡಿ, ಸಣ್ಣ ದನಿಯಲ್ಲಿ ಕರೆದಳು.

"ಬಾಳೀ, ಇಲ್ಲಿ ಬಾ. ಹೆಂಗ ಒದರಿದ ಅವ?"

ಬಾಳವ್ವ ಎದ್ದು ನಿಂತು, ಎದೆಯುಬ್ಬಿಸಿ, "ಗೌರವ್ವಾ!" ಎಂದು ತೋರಿಸಿದಳು.

"ಅಷ್ಟು ಜೋರಾಗಿ?"

"ಇದಕ್ಕಿಂತ ಜೋರ. ಎಲ್ಲಾರೂ ಹೊಳ್ಳಿ ನೋಡಿದ್ರು."

ಆಯಿಯ ಕೈ ಮೊರದಲ್ಲೇ ನಿಂತಿತು.

"ಆಯಿ, ಅಜ್ಜ ನಿನ್ನ ಹೆಂಗ ಕರೀತಿದ್ದ?"

"ಬಾಗಲದಾಗ ನಿಂತು ಕೆಮ್ಮತಿದ್ರು. ಒಂದು ಕೆಮ್ಮಿದ್ರ ನೀರು, ಎರಡು ಕೆಮ್ಮಿದ್ರ ಊಟ."

ಬಾಳವ್ವನಿಗೆ ನಗು ಉಕ್ಕಿತು. "ಮತ್ತ ಹೆಸರು?"

"ನನ್ನ ಹೆಸರು ಅವರಿಗೆ ನೆನಪಿತ್ತೋ ಇಲ್ಲೋ," ಎಂದಳು ಆಯಿ. ಅವಳು ನಗುತ್ತಿರಲಿಲ್ಲ. ಒಂದು ಹರಳು ಆರಿಸಿ, ಎಸೆಯುವುದನ್ನು ಮರೆತು, ಬೆರಳಲ್ಲೇ ಹೊರಳಿಸುತ್ತಿದ್ದಳು.

ಬಾಳವ್ವನ ನಗು ಅಲ್ಲೇ ನಿಂತಿತು. ಅವಳು ಆಯಿಯ ಹತ್ತಿರ ಸರಿದು ಕೂತು ಜೋಳದಲ್ಲಿ ಕೈಯಾಡಿಸಿದಳು.

ಮರುದಿನ ಸಾಲಿಯಲ್ಲಿ ಹುಡುಗಿಯರು ಮುತ್ತಿಕೊಂಡರು. ಬಾಳವ್ವ ಅಣ್ಣನ 'ಗೌ ಗೌ' ಮಾಡಿ ತೋರಿಸಿದಳು. ಹಲ್ಲಿಲ್ಲದ ಮುದುಕಿಯ ಹಾಗೆ ಮಾತಾಡಿದಳು. ಕಾಡವ್ವನ ಓಟವನ್ನಂತೂ ಎರಡು ಸಲ ಮಾಡಿಸಿದರು. ನಕ್ಕು ನಕ್ಕು ಎಲ್ಲರ ಕಣ್ಣಲ್ಲಿ ನೀರು.

"ಮತ್ತ ನಿಮ್ಮ ಆಯಿ? ಆಕಿ ಏನಂದ್ಲು? ಆಕೀದೂ ಮಾಡಿ ತೋರಸು!"

ಬಾಳವ್ವ ಬಳಪದ ಪಾಟಿ ಒರೆಸಿಕೊಂಡಳು.

"ಆಯಿ ಏನೂ ಅನಲಿಲ್ಲ," ಎಂದಳು.